ಹಳೆಯ ಕಾರಿಗೊಂದು ಹೊಸ ನಡಿಗೆ

ನನ್ನ ಸೋದರಮಾವ ದಾವಣಗೆರೆಯಲ್ಲಿ ಒಂದು ಲಾರಿ ಇಟ್ಟುಕೊಂಡಿದ್ದರು. ಬೇಸಿಗೆಯ ರಜೆಯಲ್ಲಿ ಅವರ ಮನೆಗೆ ಹೋದಾಗಲೆಲ್ಲ ನನ್ನ ಆಟಪಾಟಗಳು ಆ ಲಾರಿಯ ಸುತ್ತಮುತ್ತಲೇ ನಡೆಯುತ್ತಿದ್ದವು. ಅದರ ಹಿಂದಿನ ಚಕ್ರಗಳ ಬಳಿ, ಒಂದರ ಮೇಲೊಂದು ಅಡಕಿದ ಉಕ್ಕಿನ ಪಟ್ಟಿಗಳ ಕಮಾನನ್ನು ನೋಡಿ ನಾನು ಬೆರಗಾಗುತ್ತಿದ್ದೆ. ಹತ್ತಿಯ ಬೇಲುಗಳನ್ನು ಏರಿಸಿದಂತೆ ಆ ಕಮಾನು ಮೆಲ್ಲನೆ ನೇರವಾಗುತ್ತ ಬರುವುದು. ಇಳಿಸಿದೊಡನೆ ಮತ್ತೆ ಬಾಗಿ ನಿಲ್ಲುವುದು. ಲಾರಿ ಒಂದು ಕಡೆ ವಾಲಿತೆಂದರೆ ಮಾವ ಮೇಸ್ತ್ರಿಯನ್ನು ಕರೆಸಿ, "ಇನ್ನೊಂದು ಪಟ್ಟಿ ಏರಿಸಿಬಿಡಪ್ಪಾ" ಎನ್ನುತ್ತಿದ್ದರು. ಪಟ್ಟಿ ಹೆಚ್ಚಿದಷ್ಟೂ ವಾಹನ ಗಟ್ಟಿ ಎಂಬ ನಂಬಿಕೆ ಆಗಲೇ ನನ್ನ ಮನಸ್ಸಿನಲ್ಲಿ ಬೇರೂರಿತು. ಖಾಲಿ ಲಾರಿಯಲ್ಲಿ ಕುಳಿತಾಗ ಬೆನ್ನುಮೂಳೆ ಕಳಚಿಬರುವಷ್ಟು ಕುಲುಕುತ್ತಿತ್ತು ಎಂಬುದೂ ನನಗೆ ತಿಳಿದಿತ್ತು. ಆದರೆ ಈ ಎರಡು ಸಂಗತಿಗಳನ್ನು ಕೂಡಿಸಿ ನೋಡುವ ಬುದ್ಧಿ ಆಗ ನನಗೆ ಬಂದಿರಲಿಲ್ಲ. ಅದು ಬರುವುದಕ್ಕೆ ನಾನು ಎಂಜಿನಿಯರಿಂಗ್ ಓದಬೇಕಾಯಿತು, ಸಮುದ್ರ ದಾಟಬೇಕಾಯಿತು, ಒಂದು ಹಳೆಯ ಕಾರನ್ನು ಕೊಳ್ಳಬೇಕಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ, ಒಂದು ದೊಡ್ಡ ತಪ್ಪನ್ನು ಮಾಡಬೇಕಾಯಿತು.

೧೯೮೪ರಲ್ಲಿ ನಾನು ಉದ್ಯೋಗಕ್ಕಾಗಿ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಬಂದೆ. ಡೆಟ್ರಾಯಿಟ್ ನಗರದ ಸುತ್ತಿನ ಈ ಸೀಮೆ ಮೋಟಾರು ವಾಹನಗಳ ತವರು. ಇಲ್ಲಿ ಮನೆಗೊಬ್ಬರಾದರೂ ಕಾರಿನ ಕಾರ್ಖಾನೆಯಲ್ಲಿ ದುಡಿದವರು ಸಿಗುತ್ತಾರೆ. ಬಹುಕಾಲ ನಾನು ಎಲ್ಲರಂತೆ ಸಾಧಾರಣ ಕಾರನ್ನು ಓಡಿಸಿಕೊಂಡಿದ್ದೆ. ೨೦೦೮ರಲ್ಲಿ, ಹತ್ತಿರದ ಊರಿನ ಒಂದು ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ೧೯೬೬ರ ಫೋರ್ಡ್ ಮಸ್ಟಾಂಗ್ ಒಂದು ನನ್ನ ಕಣ್ಣಿಗೆ ಬಿತ್ತು. ಎಂಟು ಸಿಲಿಂಡರಿನ ೨೮೯ ಘನ ಅಂಗುಲದ ಎಂಜಿನು. ಕೈಯಿಂದ ಬದಲಿಸುವ ನಾಲ್ಕು ಗೇರು. ಮಾಸಿದ ನೀಲಿ ಬಣ್ಣ. ಅಂದಿನ ಲೆಕ್ಕದಲ್ಲಿ ೨೨೫ ಅಶ್ವಶಕ್ತಿಯ ಎಂಜಿನು ಅದು. ಹೆಂಡತಿಗೆ ಪೂರ್ಣ ಬೆಲೆಯನ್ನು ಹೇಳುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಇಂಥ ಕಾರುಗಳನ್ನು ಅಮೆರಿಕನ್ನರು 'ಮಸಲ್ ಕಾರ್' ಎನ್ನುತ್ತಾರೆ. ಅಂದರೆ ತೋಳ್ಬಲದ ಕಾರು, ಜಟ್ಟಿ ಕಾರು. ಸಾಮಾನ್ಯ ಗಾತ್ರದ, ಸಾಮಾನ್ಯ ಬೆಲೆಯ ಕಾರಿನೊಳಗೆ ದೊಡ್ಡ ಕಾರಿಗೆ ತಕ್ಕ ಎಂಜಿನನ್ನು ತುರುಕಿದರೆ ಅದೇ ಜಟ್ಟಿ ಕಾರು. ೧೯೬೪ರಲ್ಲಿ ಬಂದ ಪಾಂಟಿಯಾಕ್ ಜಿಟಿಓ ಎಂಬ ಕಾರನ್ನು ಈ ಕುಲದ ಮೂಲಪುರುಷನೆಂದು ಹಲವರು ಎಣಿಸುತ್ತಾರೆ. ಅದೇ ವರ್ಷದ ಏಪ್ರಿಲ್ ೧೭ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟಾಂಗ್ ಬೆಳಕಿಗೆ ಬಂತು. ಮಡಿವಂತರಾದ ಕೆಲವರು ಮಸ್ಟಾಂಗನ್ನು ಜಟ್ಟಿಗಳ ಸಾಲಿಗೆ ಸೇರಿಸದೆ 'ಕುದುರೆಮರಿ ಕಾರು' ಎಂದು ಬೇರೆ ಪಂಕ್ತಿ ಹಾಕುತ್ತಾರೆ. ಆ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ವಿಮೆಯ ಕಂತುಗಳು ಏರಿ, ೧೯೭೦ರಲ್ಲಿ ಗಾಳಿಯ ನೈರ್ಮಲ್ಯದ ಕಾನೂನು ಬಿಗಿಯಾಗಿ, ೧೯೭೩ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿದ ಮೇಲೆ ಇವುಗಳ ವೈಭವದ ಕಾಲ ಮುಗಿಯಿತು.

ಜಟ್ಟಿ ಕಾರಿನಲ್ಲಿ ಒಂದು ದೋಷವುಂಟು. ಎಂಜಿನು ಜಟ್ಟಿಯದಾದರೂ ಕಾಲುಗಳು ಗುಮಾಸ್ತನವು. ನೇರವಾದ ದಾರಿಯಲ್ಲಿ ಅದು ಗರ್ಜಿಸಿಕೊಂಡು ಓಡುತ್ತದೆ. ತಿರುವು ಬಂದರೆ ತಬ್ಬಿಬ್ಬಾಗುತ್ತದೆ. ನನ್ನ ಕಾರಂತೂ ತಿರುವಿನಲ್ಲಿ ದೋಣಿಯಂತೆ ಒಂದು ಮಗ್ಗುಲಿಗೆ ಒರಗುತ್ತಿತ್ತು. ಬ್ರೇಕು ತುಳಿದರೆ ಮೂಗು ನೆಲಕ್ಕೆ ಬಾಗುತ್ತಿತ್ತು. ಒಂದು ಹಳ್ಳವನ್ನು ದಾಟಿದ ಮೇಲೆ ಮೂರು ನಾಲ್ಕು ಸಲ ತೂಗಾಡಿದ ಬಳಿಕವೇ ಅದು ಸುಮ್ಮನಾಗುತ್ತಿತ್ತು. ನಾನೊಬ್ಬನೇ ಭಾನುವಾರದ ಸಂಜೆ ಓಡಿಸಿಕೊಂಡಿರುವವರೆಗೆ ಇದು ಒಂದು ವಿನೋದವಾಗಿತ್ತು. ೨೦೧೨ರಲ್ಲಿ ನನ್ನ ಮಗಳಿಗೆ ಹದಿನೇಳು ತುಂಬಿತು. ಆಕೆಗೆ ಆ ಕಾರನ್ನು ಓಡಿಸುವ ಆಸೆ ಹುಟ್ಟಿತು. ಆಗ ನನ್ನ ಹೆಂಡತಿ, "ನೀವು ಅದರಲ್ಲಿ ಹೇಗೆ ಬೇಕಾದರೂ ಕುಣಿಯಿರಿ. ಮಗಳ ಕೈಗೆ ಕೊಡುವುದಾದರೆ ಮೊದಲು ಅದಕ್ಕೆ ನೆಟ್ಟಗೆ ನಡೆಯುವುದನ್ನು ಕಲಿಸಿ" ಎಂದಳು. ಹೀಗೆ ಸಸ್ಪೆನ್ಷನ್ನಿನ ಪ್ರಶ್ನೆ ನಮ್ಮ ಮನೆಯನ್ನು ಪ್ರವೇಶಿಸಿತು.

ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗು, ತೋಳು, ಸರಳುಗಳ ಒಟ್ಟು ಏರ್ಪಾಡೇ ಸಸ್ಪೆನ್ಷನ್. ಅದಕ್ಕೆ ಎರಡು ಕೆಲಸ. ಒಳಗೆ ಕುಳಿತವರಿಗೆ ರಸ್ತೆಯ ಒರಟುತನ ತಟ್ಟದಂತೆ ನೋಡಿಕೊಳ್ಳುವುದು ಒಂದು. ಟೈರು ಯಾವಾಗಲೂ ನೆಲವನ್ನು ಅಪ್ಪಿಕೊಂಡಿರುವಂತೆ ಮಾಡುವುದು ಇನ್ನೊಂದು. ಎರಡನೆಯದನ್ನು ಜನ ಮರೆಯುತ್ತಾರೆ. ಒಂದೂಕಾಲು ಟನ್ನಿಗೂ ಮಿಕ್ಕಿದ ಕಾರು ಭೂಮಿಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತುಣುಕುಗಳಲ್ಲಿ ಮಾತ್ರ. ತಿರುಗುವುದು, ನಿಲ್ಲುವುದು, ಬದುಕಿ ಮನೆಗೆ ಬರುವುದು ಎಲ್ಲವೂ ಆ ನಾಲ್ಕು ತುಣುಕುಗಳ ಹಿಡಿತದಲ್ಲಿದೆ.

ಸ್ಪ್ರಿಂಗಿನ ನಿಯಮವನ್ನು ನೀವು ವಿಜ್ಞಾನದ ತರಗತಿಯಲ್ಲಿ ಓದಿರಬಹುದು. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ೧೬೭೮ರಲ್ಲಿ ಅದನ್ನು ಪ್ರಕಟಿಸಿದ. ಒತ್ತಡ ಎಷ್ಟು ಹೆಚ್ಚಿದರೆ ಸ್ಪ್ರಿಂಗು ಅದಕ್ಕೆ ತಕ್ಕಷ್ಟೇ ಕುಗ್ಗುತ್ತದೆ. ಒಂದು ಅಂಗುಲ ಕುಗ್ಗಿಸಲು ಎಷ್ಟು ಪೌಂಡು ಭಾರ ಬೇಕೋ ಅದು ಆ ಸ್ಪ್ರಿಂಗಿನ ಬಿಗಿ. ಆದರೆ ಸ್ಪ್ರಿಂಗಿಗೆ ಒಂದು ಚಪಲವಿದೆ: ಒಮ್ಮೆ ಕುಗ್ಗಿದರೆ ಸುಮ್ಮನೆ ಹಿಂದಿರುಗದೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗೆ ಕೊಂತವೊಂದು ಎಣ್ಣೆಯನ್ನು ಸಣ್ಣ ಕಿಂಡಿಗಳ ಮೂಲಕ ನೂಕುತ್ತದೆ. ಕುಣಿತದ ಶಕ್ತಿಯೆಲ್ಲ ಶಾಖವಾಗಿ ಕರಗಿಹೋಗುತ್ತದೆ. ಭಾರ ಹೊರುವುದು ಸ್ಪ್ರಿಂಗೇ ಹೊರತು ಷಾಕ್ ಅಲ್ಲ. ಕಾರು ಕುಸಿದು ಕುಳಿತಿದೆಯೆಂದು ಹೊಸ ಷಾಕುಗಳನ್ನು ಕೊಂಡು ತಂದು ನಿರಾಶರಾದವರನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ತಿಳಿದವನಾದ ನಾನು ಬಿಡಿಭಾಗಗಳ ಪಟ್ಟಿಪುಸ್ತಕಗಳನ್ನು ತರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡೆ. ಅಬ್ಬಾ, ಅದೊಂದು ಸಂತೆ! ಸ್ಪ್ರಿಂಗುಗಳಲ್ಲೇ ಹತ್ತಾರು ಬಗೆ. ಷಾಕುಗಳಲ್ಲಿ ಎಣ್ಣೆಯವು, ಅನಿಲ ತುಂಬಿದವು, ತಿರುಪು ತಿರುಗಿಸಿ ಬಿಗಿ ಬದಲಿಸುವಂಥವು. ಪ್ರತಿಯೊಂದು ಪುಟವೂ ತನ್ನ ಸರಕಿನಿಂದ ಕಾರು ಪಂದ್ಯದ ಕುದುರೆಯಾಗುವುದೆಂದು ಆಣೆಯಿಟ್ಟು ಹೇಳುತ್ತಿತ್ತು. ಮಸ್ಟಾಂಗಿನ ಮುಂಭಾಗವನ್ನೇ ಪೂರ್ತಿ ಕತ್ತರಿಸಿ ತೆಗೆದು, ೧೯೭೪ರಲ್ಲಿ ಬಂದ ಎರಡನೆಯ ಮಾದರಿಯ ಮಸ್ಟಾಂಗಿನ ರಚನೆಯನ್ನು ಅನುಸರಿಸಿದ ಹೊಸ ಸಜ್ಜನ್ನು ಕೂರಿಸುವ ಮಾರ್ಗವೂ ಒಂದಿತ್ತು. ಅದು ಬೆಲೆಯಲ್ಲಿ ನನ್ನ ಕಾರಿನ ಅರ್ಧದಷ್ಟಿತ್ತು.

ನಾನು ಆರಿಸಿದ್ದು ದಾವಣಗೆರೆಯ ದಾರಿಯನ್ನು. ಎಲ್ಲವೂ ಗಟ್ಟಿಯಾಗಲಿ ಎಂದುಕೊಂಡೆ. ಹಿಂದೆ ನಾಲ್ಕು ಪಟ್ಟಿಗಳಿದ್ದ ಕಮಾನನ್ನು ತೆಗೆದು ಐದು ಪಟ್ಟಿಗಳದನ್ನು ಹಾಕಿದೆ. ಮುಂದೆ, ಸಿಕ್ಕಿದ್ದರಲ್ಲಿ ಅತಿ ಬಿಗಿಯಾದ ಸ್ಪ್ರಿಂಗುಗಳು. ಕೀಲುಕೀಲಿನಲ್ಲೂ ಇದ್ದ ರಬ್ಬರಿನ ಬುಷ್ಷುಗಳು ನಲವತ್ತು ವರ್ಷಗಳಲ್ಲಿ ಒಣಗಿ ಬಿರಿದಿದ್ದವು. ಅವುಗಳ ಜಾಗಕ್ಕೆಲ್ಲ ಪಾಲಿಯುರೆಥೇನ್ ಎಂಬ ಗಟ್ಟಿಯಾದ ವಸ್ತುವಿನ ಬುಷ್ಷುಗಳನ್ನು ಒತ್ತಿ ಕೂರಿಸಿದೆ. ಕೆಂಪು ಬಣ್ಣದ ಆ ಬುಷ್ಷುಗಳು ನೋಡಲು ಬಹು ಸೊಗಸಾಗಿದ್ದವು ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೂರು ವಾರ ರಾತ್ರಿಗಳ ಕೆಲಸ ಮುಗಿಸಿ ಹೊರಗೆ ತಂದಾಗ ಕಾರು ತಿರುವಿನಲ್ಲಿ ಒರಗಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು. ಒರಟು ರಸ್ತೆಯಲ್ಲಿ ಹಿಂದಿನ ಚಕ್ರಗಳು ಟಗರಿನಂತೆ ಜಿಗಿಯುತ್ತಿದ್ದವು. ಒದ್ದೆಯ ದಿನ ಬಾಲ ಪಕ್ಕಕ್ಕೆ ಜಾರುತ್ತಿತ್ತು. ಅದನ್ನೆಲ್ಲ ನಾನು ಬಲದ ಲಕ್ಷಣವೆಂದೇ ತಿಳಿದೆ.

ಆ ವರ್ಷದ ಅಕ್ಟೋಬರಿನ ಒಂದು ಶನಿವಾರ ಮಗಳು ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತಿದ್ದೆ. ಮೇಪಲ್ ಮರಗಳ ಎಲೆಗಳು ಕೆಂಪಾಗಿ ಉದುರುತ್ತಿದ್ದ ಕಾಲ. ಮುಂದೆ ಒಂದು ಕೂಡುರಸ್ತೆ. ಕೆಂಪು ದೀಪ ಬಿತ್ತು. ಅವಳು ಹದವಾಗಿಯೇ ಬ್ರೇಕು ತುಳಿದಳು. ಎಡಗಡೆ ಒಂದು ಸಿಡಿದ ಸದ್ದು ಕೇಳಿತು. ಸ್ಟಿಯರಿಂಗ್ ಅವಳ ಕೈಯಿಂದ ಕಿತ್ತುಕೊಂಡು ತಿರುಗಿತು. ಕಾರು ರಸ್ತೆಯಂಚಿನ ಕಲ್ಲನ್ನು ಏರಿ ಹುಲ್ಲಿನ ಮೇಲೆ ಉಜ್ಜಿಕೊಂಡು ಹೋಗಿ, ಯಾರದೋ ಮನೆಯ ಅಂಚೆಪೆಟ್ಟಿಗೆಗೆ ಒಂದು ಮೊಳ ಉಳಿದಿರುವಾಗ ನಿಂತಿತು. ಎಡಗಡೆಯ ಮುಂಚಕ್ರ ಹಿಂದಕ್ಕೆ ಸರಿದು ಮಡ್‌ಗಾರ್ಡಿಗೆ ಕಚ್ಚಿಕೊಂಡಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಕಾಲುದಾರಿಯಲ್ಲಿ ಆಗ ಯಾರೂ ಇರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಒಬ್ಬ ಹೆಂಗಸು ಕೈಗಾಡಿಯಲ್ಲಿ ಮಗುವನ್ನು ನೂಕಿಕೊಂಡು ಅಲ್ಲಿ ಹಾದು ಹೋಗಿದ್ದಳು.

ಮಗಳು ಸ್ಟಿಯರಿಂಗನ್ನು ಎರಡೂ ಕೈಗಳಿಂದ ಹಿಡಿದುಕೊಂಡೇ ಇದ್ದಳು. ಬಹಳ ಹೊತ್ತಿನ ಮೇಲೆ, "ಅಪ್ಪಾ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿದಳು. ಆ ಮಾತು ನನ್ನನ್ನು ಈಗಲೂ ಕೆಲವು ರಾತ್ರಿ ಎಚ್ಚರಿಸುತ್ತದೆ.

ತಪ್ಪು ಮಾಡಿದವನು ನಾನು. ಅಂದಿನ ರಾತ್ರಿ ಕಾರನ್ನು ಎಳೆಸಿಕೊಂಡು ಬಂದು, ಕೆಳಗೆ ತೆವಳಿ ದೀಪ ಹಿಡಿದು ನೋಡಿದೆ. ಈ ಕಾರಿನ ಮುಂಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಒಂದೇ ಒಂದು ತೋಳು. ಅದು ಹಿಂದೆ ಮುಂದೆ ಸರಿಯದಂತೆ ಒಂದು ಉದ್ದನೆಯ ಸರಳು ಕಾರಿನ ಮುಂಭಾಗಕ್ಕೆ ಕಟ್ಟಿಹಾಕಿರುತ್ತದೆ. ಅದಕ್ಕೆ ಸ್ಟ್ರಟ್ ರಾಡ್ ಎನ್ನುತ್ತಾರೆ. ಚಕ್ರ ಮೇಲೆ ಕೆಳಗೆ ಚಲಿಸಿದಾಗಲೆಲ್ಲ ಈ ಸರಳು ಗಡಿಯಾರದ ಲೋಲಕದಂತೆ ಕಂಸದಲ್ಲಿ ತೂಗಬೇಕು. ಅದರ ತುದಿಯಲ್ಲಿದ್ದ ಮೆತ್ತನೆಯ ರಬ್ಬರು ಹಾಗೆ ತೂಗಲು ಎಡೆಕೊಡುತ್ತಿತ್ತು. ನಾನು ಹಾಕಿದ ಗಟ್ಟಿ ಬುಷ್ಷು ಎಡೆಕೊಡಲಿಲ್ಲ. ತೂಗಲಾರದ ಸರಳು ಬಾಗತೊಡಗಿತು; ಪ್ರತಿ ಹಳ್ಳಕ್ಕೂ, ಪ್ರತಿ ದಿಣ್ಣೆಗೂ ಒಮ್ಮೆ ಬಾಗಿತು. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವ ಹುಡುಗರಿಗೂ ಗೊತ್ತಿರುವ ಸತ್ಯ ಅದು. ಮರೆಯ ಹಾಕಿದ ಜಾಗದಲ್ಲಿ ಲೋಹ ದಣಿದು, ಬಿರುಕು ಬಿಟ್ಟು, ಬ್ರೇಕಿನ ಸೆಳೆತ ಬಂದ ಕ್ಷಣದಲ್ಲಿ ತುಂಡಾಯಿತು. ಮುರಿದ ಮುಖದ ಮುಕ್ಕಾಲು ಭಾಗ ಹಳೆಯ ಬಿರುಕಿನಿಂದ ಕಪ್ಪಾಗಿತ್ತು. ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಆ ಕಾಲು ಭಾಗದ ಮೇಲೆ ನನ್ನ ಮಗಳು ಒಂದು ವಾರ ಓಡಾಡಿದ್ದಳು. ಲೋಹದ ದಣಿವಿನ ವಿಷಯದಲ್ಲಿ ಪರೀಕ್ಷೆ ಬರೆದು ತೇರ್ಗಡೆಯಾದವನು ನಾನು!

ನಮ್ಮ ಎದುರು ಮನೆಯಲ್ಲಿ ಒಬ್ಬ ಹಿರಿಯರಿದ್ದರು. ೧೯೬೨ರಿಂದ ಮೂವತ್ತು ವರ್ಷ ಡಿಯರ್‌ಬಾರ್ನಿನ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದವರು. ಮಿತಭಾಷಿ. ಮೊದಲ ದಿನ ನನ್ನ ಕಾರನ್ನು ನೋಡಲು ಬಂದಾಗ ಅವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಬಾನೆಟ್ ಎತ್ತಿಸಿ, ಅದರ ಕೆಳಗೆ ಕೊರೆದಿರುವ ಸಂಖ್ಯೆಯನ್ನು ಕನ್ನಡಕ ಏರಿಸಿ ಓದಿದರು. ಅದರ ಎರಡನೆಯ ಅಕ್ಷರ 'ಎಫ್'. ಮಸ್ಟಾಂಗುಗಳು ಆಗ ಮೂರು ಊರುಗಳಲ್ಲಿ ತಯಾರಾಗುತ್ತಿದ್ದವು. 'ಎಫ್' ಎಂದರೆ ಡಿಯರ್‌ಬಾರ್ನ್. "ನಮ್ಮದೇ" ಎಂದಷ್ಟೇ ಹೇಳಿ ಹೋದರು.

ಸರಳು ಮುರಿದ ಮಾರನೆಯ ದಿನ ಅವರು ಮತ್ತೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ತುಂಡಾದ ಸರಳನ್ನು ಕೈಯಲ್ಲಿ ತಿರುಗಿಸಿ ನೋಡಿ, "ಈ ಕಾರು ಯಾವ ರಸ್ತೆಯಲ್ಲಿ ಓಡುತ್ತದೆ?" ಎಂದು ಕೇಳಿದರು. ನನಗೆ ಪ್ರಶ್ನೆ ಅರ್ಥವಾಗಲಿಲ್ಲ. "ಪಂದ್ಯದ ಹಾದಿಯಲ್ಲೋ, ನಮ್ಮ ಬೀದಿಯಲ್ಲೋ?" ಎಂದರು. ಬೀದಿಯಲ್ಲಿ ಎಂದೆ. "ಹಾಗಾದರೆ ನೀವು ಬೀದಿಯನ್ನು ನೋಡದೆ ಪುಸ್ತಕವನ್ನು ನೋಡಿ ಕೊಂಡಿದ್ದೀರಿ" ಎಂದರು.

ಮಿಷಿಗನ್ನಿನ ರಸ್ತೆಗಳ ಬಗೆಗೆ ಎರಡು ಮಾತು ಹೇಳಬೇಕು. ಚಳಿಗಾಲದಲ್ಲಿ ರಸ್ತೆಯ ಬಿರುಕುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಬಿಸಿಲು ಬಂದಾಗ ಕರಗುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮಾರ್ಚಿ ತಿಂಗಳ ಹೊತ್ತಿಗೆ ರಸ್ತೆಯ ಮೈಯೆಲ್ಲ ಗುಂಡಿ. ಭಾರತದ ರಸ್ತೆಗಳನ್ನು ನೆನೆಸಿ ನಿಟ್ಟುಸಿರಿಡುವ ನಮ್ಮವರು ಇಲ್ಲಿಗೆ ಬಂದ ಮೊದಲ ವಸಂತದಲ್ಲಿಯೇ ಸಮಾಧಾನ ಹೊಂದುತ್ತಾರೆ. ಇಂಥ ರಸ್ತೆಗೆ ಪಂದ್ಯದ ಸ್ಪ್ರಿಂಗು ಹಾಕಿದರೆ ಟೈರು ಗುಂಡಿಯೊಳಗೆ ಇಳಿಯದೆ ಮೇಲಿನಿಂದ ಮೇಲಕ್ಕೆ ಹಾರುತ್ತದೆ. ಹಾರುವ ಟೈರಿಗೆ ಯಾವ ಹಿಡಿತವೂ ಇಲ್ಲ. ಮಾವನ ಲಾರಿಗೆ ಇನ್ನೊಂದು ಪಟ್ಟಿ ಬೇಕಾಗಿದ್ದುದು ಅದು ಹತ್ತಿಯ ಬೇಲು ಹೊರುತ್ತಿದ್ದುದರಿಂದ. ನನ್ನ ಕಾರು ಹೊರುತ್ತಿದ್ದುದು ಒಬ್ಬ ಹುಡುಗಿಯನ್ನು.

ಆ ಚಳಿಗಾಲವೆಲ್ಲ ನಾವಿಬ್ಬರೂ ಹೊಸದಾಗಿ ಲೆಕ್ಕ ಹಾಕಿದೆವು. ಸುಖಕರವಾದ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ. ನಿಧಾನವಾಗಿ ನಡೆಯುವವನ ಹೆಜ್ಜೆಯ ಲಯಕ್ಕೆ ಅದು ಹತ್ತಿರ. ನಮ್ಮ ದೇಹಕ್ಕೆ ಅದು ಒಗ್ಗಿದ ಲಯ. ಪಂದ್ಯದ ಕಾರುಗಳಲ್ಲಿ ಅದು ಎರಡನ್ನು ಮೀರುತ್ತದೆ. ಮಸ್ಟಾಂಗಿನ ಮುಂದಿನ ಸ್ಪ್ರಿಂಗು ಕುಳಿತಿರುವುದು ಮೇಲಿನ ತೋಳಿನ ಸುಮಾರು ನಡುಮಧ್ಯೆ. ಹೀಗಾಗಿ ಚಕ್ರ ಒಂದು ಅಂಗುಲ ಎದ್ದರೆ ಸ್ಪ್ರಿಂಗು ಅರ್ಧ ಅಂಗುಲ ಕುಗ್ಗುತ್ತದೆ, ಅದರ ಬಲವೂ ಸನ್ನೆಗೋಲಿನ ಲೆಕ್ಕದಂತೆ ಅರ್ಧವಾಗಿ ಚಕ್ರಕ್ಕೆ ಮುಟ್ಟುತ್ತದೆ. ಒಟ್ಟಿನಲ್ಲಿ ೫೬೦ ಪೌಂಡಿನ ಸ್ಪ್ರಿಂಗು ಚಕ್ರದ ಬಳಿ ಸುಮಾರು ೧೪೦ ಪೌಂಡಿನದಾಗಿ ವರ್ತಿಸುತ್ತದೆ. ಈ ಲೆಕ್ಕ ಮಾಡಿದಾಗ ಸೆಕೆಂಡಿಗೆ ಒಂದೂವರೆಗಿಂತ ತುಸು ಕಡಿಮೆ ಬಂತು. ಅದೇ ಸಾಕೆಂದು ನಿಶ್ಚಯಿಸಿದೆವು. ಹಿಂದೆ ಮತ್ತೆ ನಾಲ್ಕು ಪಟ್ಟಿಗಳ ಕಮಾನು ಬಂತು. ಷಾಕುಗಳಿಗೆ ಮಾತ್ರ ನಾನು ಹಣವನ್ನು ಲೆಕ್ಕಿಸಲಿಲ್ಲ. ಒಳ್ಳೆಯ ಷಾಕು ಮೆತ್ತನೆಯ ಸ್ಪ್ರಿಂಗನ್ನೂ ಶಿಸ್ತಿನಲ್ಲಿಡಬಲ್ಲುದು. ಸ್ಟ್ರಟ್ ರಾಡಿನ ತುದಿಗೆ ಹೊಸ ರಬ್ಬರು ಬಂತು.

ತಿರುವಿನಲ್ಲಿ ಒರಗುವುದನ್ನು ತಡೆಯಲು ಸ್ಪ್ರಿಂಗನ್ನು ಬಿಗಿಗೊಳಿಸುವ ಅಗತ್ಯವೇ ಇರಲಿಲ್ಲ. ಅದಕ್ಕೆಂದೇ ಒಂದು ಸರಳಿದೆ: ಆಂಟಿ-ರೋಲ್ ಬಾರ್. ಎಡಬಲ ಚಕ್ರಗಳ ತೋಳುಗಳನ್ನು ಅದು ಅಡ್ಡಲಾಗಿ ಕೂಡಿಸುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಎದ್ದರೆ ಸುಮ್ಮನಿರುತ್ತದೆ; ಒಂದು ಮಾತ್ರ ಎದ್ದರೆ ತಿರುಚಿಕೊಂಡು ತಡೆಯುತ್ತದೆ. ಇಲ್ಲೊಂದು ಸೋಜಿಗದ ಗಣಿತವಿದೆ. ಸರಳಿನ ಬಿಗಿ ಅದರ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಮುಕ್ಕಾಲು ಅಂಗುಲದ ಸರಳಿಗಿಂತ ಒಂದು ಅಂಗುಲದ್ದು ನೋಡಲು ಕೊಂಚವೇ ದಪ್ಪ; ಬಿಗಿಯಲ್ಲಿ ಮೂರು ಪಟ್ಟಿಗೂ ಹೆಚ್ಚು. ೧೯೬೫ರಲ್ಲಿ ಕ್ಯಾರೊಲ್ ಶೆಲ್ಬಿ ಎಂಬ ಪ್ರಸಿದ್ಧ ಪಂದ್ಯಗಾರ ಮಸ್ಟಾಂಗನ್ನು ತಿದ್ದಿ ಜಿಟಿ-೩೫೦ ಎಂಬ ಕಾರನ್ನು ಮಾಡಿದಾಗ ಮುಂದೆ ಹಾಕಿದ್ದು ಒಂದು ಅಂಗುಲದ ಸರಳನ್ನೇ. ನಾವೂ ಹಾಗೆಯೇ ಮಾಡಿದೆವು.

ಇನ್ನು ಉಳಿದದ್ದು ಮುಂಭಾಗವನ್ನು ಕತ್ತರಿಸಿ ಹೊಸ ಸಜ್ಜು ಕೂರಿಸುವ ಪ್ರಶ್ನೆ. ನನಗೆ ಅದರ ಮೋಹ ಬಿಟ್ಟಿರಲಿಲ್ಲ. ಮಗಳ ಸುರಕ್ಷತೆಗೆ ಅದೇ ಒಳ್ಳೆಯದಲ್ಲವೇ, ಹಳೆಯ ವಿನ್ಯಾಸಕ್ಕೆ ಏಕೆ ಅಂಟಿಕೊಳ್ಳಬೇಕು ಎಂದು ವಾದಿಸಿದೆ. ಮಸ್ಟಾಂಗಿನ ಎಂಜಿನಿನ ಎರಡು ಪಕ್ಕಗಳಲ್ಲಿ ಸ್ಪ್ರಿಂಗುಗಳನ್ನು ಹೊತ್ತು ನಿಂತಿರುವ ತಗಡಿನ ಎರಡು ಗೋಪುರಗಳಿವೆ. ಹೊಸ ಸಜ್ಜಿಗಾಗಿ ಅವನ್ನು ಬುಡಸಹಿತ ಕೊಯ್ದು ಹಾಕಬೇಕು. ಒಮ್ಮೆ ಕೊಯ್ದ ಮೇಲೆ ಕಾರು ಮೊದಲಿನಂತೆ ಆಗುವುದು ಬಹು ಕಷ್ಟ. ಹಿರಿಯರು ನನ್ನ ವಾದವನ್ನು ಕೇಳಿಸಿಕೊಂಡರು. ಬೇಡವೆನ್ನಲಿಲ್ಲ. ದೀಪವನ್ನು ಗೋಪುರದ ಹತ್ತಿರ ಹಿಡಿದು, ಅದರ ಅಂಚಿನುದ್ದಕ್ಕೂ ಇದ್ದ ಸಣ್ಣ ಸಣ್ಣ ದುಂಡನೆಯ ಗುಳಿಗಳ ಮೇಲೆ ಬೆರಳಾಡಿಸಿದರು. ಅವು ಬೆಸುಗೆಯ ಗುರುತುಗಳು. "ಆ ವರ್ಷ ನಾನು ಮುಂಭಾಗದ ಸಾಲಿನಲ್ಲಿದ್ದೆ. ಎರಡು ಪಾಳಿ ನಡೆಯುತ್ತಿತ್ತು. ಇದು ನನ್ನ ಕೈಯದೋ ಬೇರೆಯವರದೋ ಹೇಳಲಾರೆ" ಎಂದರು. ಆಮೇಲೆ, "ಚೆನ್ನಾಗಿಯೇ ಹಿಡಿದಿದೆ" ಎಂದು ಸೇರಿಸಿದರು.

೨೦೦೪ರಲ್ಲಿ ಡಿಯರ್‌ಬಾರ್ನಿನಲ್ಲಿ ಮಸ್ಟಾಂಗಿನ ತಯಾರಿಕೆ ನಿಂತುಹೋಗಿತ್ತು. ಆ ಸಂಗತಿಯನ್ನು ಅವರು ಒಮ್ಮೆಯೂ ಎತ್ತಿ ಮಾತನಾಡಿದವರಲ್ಲ. ನಾನು ಗರಗಸದ ಯೋಚನೆಯನ್ನು ಬಿಟ್ಟೆ. ಭಾವುಕತೆಯಿಂದ ಮಾತ್ರ ಬಿಟ್ಟೆನೆಂದು ತಿಳಿಯಬೇಡಿ. ಗೋಪುರಗಳಿಗೆ ತುಕ್ಕು ಹಿಡಿದಿದ್ದರೆ, ಬಿರುಕು ಬಿಟ್ಟಿದ್ದರೆ ನನ್ನ ನಿರ್ಧಾರ ಬೇರೆಯಾಗುತ್ತಿತ್ತು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಇಲ್ಲಿನ ಎಷ್ಟೋ ಕಾರುಗಳ ಗೋಪುರಗಳನ್ನು ತಿಂದುಹಾಕಿದೆ. ಕೊಟ್ಟಿಗೆಯಲ್ಲಿ ನಿಂತಿದ್ದ ಪುಣ್ಯದಿಂದ ನನ್ನದು ಉಳಿದುಕೊಂಡಿತ್ತು. ಗೋಪುರಗಳನ್ನು ಹಿಂದಿನ ತಗಡಿಗೆ ಬಿಗಿಯುವ ಒಂದು ಗಟ್ಟಿ ಪಟ್ಟಿಯನ್ನಂತೂ ತಂದು ಹಾಕಿದೆವು. ಹೊರದೇಶಗಳಿಗೆ ಹೋಗುವ ಕಾರುಗಳಿಗಾಗಿ ಮಾಡಿದ್ದರಿಂದ ಅದಕ್ಕೆ 'ಎಕ್ಸ್‌ಪೋರ್ಟ್ ಬ್ರೇಸ್' ಎಂಬ ಹೆಸರು ಬಂದಿದೆ. ಹೊರದೇಶದಿಂದ ಬಂದ ನನಗೆ ಅದನ್ನು ಕಂಡು ನಗು ಬಂತು.

ಕಡೆಯದಾಗಿ ಹಿರಿಯರು ಹೇಳಿದ ಕೆಲಸಕ್ಕೆ ಯಾವ ಪಟ್ಟಿಪುಸ್ತಕದಲ್ಲೂ ದೊಡ್ಡ ಬೆಲೆಯಿರಲಿಲ್ಲ. ಗೋಪುರಕ್ಕೆ ಮೇಲಿನ ತೋಳನ್ನು ಬಿಗಿದಿರುವ ಬೋಲ್ಟುಗಳ ರಂಧ್ರಗಳಿವೆಯಲ್ಲ, ಅವುಗಳಿಂದ ಸರಿಯಾಗಿ ಒಂದು ಅಂಗುಲ ಕೆಳಗೆ ಹೊಸ ರಂಧ್ರಗಳನ್ನು ಕೊರೆದು ತೋಳನ್ನು ಅಲ್ಲಿಗೆ ಇಳಿಸುವುದು. ಪಕ್ಕಕ್ಕೆ ಎರಡರಂತೆ ಒಟ್ಟು ನಾಲ್ಕು ರಂಧ್ರ. ಕಾರು ತಿರುವಿನಲ್ಲಿ ಒರಗಿದಾಗ ಮೂಲ ವಿನ್ಯಾಸದಲ್ಲಿ ಹೊರಗಡೆಯ ಚಕ್ರವೂ ಕಾರಿನ ಜೊತೆಯಲ್ಲಿಯೇ ಹೊರಕ್ಕೆ ವಾಲುತ್ತಿತ್ತು; ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತಿತ್ತು. ತೋಳಿನ ಕೀಲನ್ನು ಇಳಿಸಿದರೆ, ಚಕ್ರ ಮೇಲಕ್ಕೆದ್ದಂತೆಲ್ಲ ಅದರ ತಲೆ ಒಳಕ್ಕೆ ಸೆಳೆಯಲ್ಪಟ್ಟು ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಎಂಬವರು ಕಂಡುಕೊಂಡ ಉಪಾಯವಿದು. ಶೆಲ್ಬಿಯ ೧೯೬೫ರ ಕಾರುಗಳಲ್ಲಿ ಇದನ್ನು ಅಳವಡಿಸಿದ್ದರು. ೧೯೬೬ರ ಮಾದರಿಯಲ್ಲಿ ಖರ್ಚು ಉಳಿಸಲು ಕೈಬಿಟ್ಟರು. ಒಂದು ಅಂಗುಲದ ಖರ್ಚು!

ಫೆಬ್ರವರಿಯ ಒಂದು ಸಂಜೆ ಹಿರಿಯರು ತಗಡಿನ ಅಚ್ಚೊಂದನ್ನು ಕತ್ತರಿಸಿ ತಂದರು. ಅದನ್ನು ಹಳೆಯ ರಂಧ್ರಗಳಿಗೆ ಕೂರಿಸಿ ಗುರುತು ಮಾಡಿದರು. ಮೂರು ಸಲ ಅಳೆದರು. ಅವರ ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಡ್ರಿಲ್ಲನ್ನು ನನಗೆ ಕೊಟ್ಟರು. ಆ ಹೊತ್ತಿಗೆ ಬಾಗಿಲ ಬಳಿ ಮಗಳು ಬಂದು ನಿಂತಿದ್ದಳು. ಅಕ್ಟೋಬರಿನಿಂದ ಆಕೆ ಆ ಕೊಠಡಿಗೆ ಕಾಲಿಟ್ಟಿರಲಿಲ್ಲ. ಯಾವ ಕಾರನ್ನೂ ಓಡಿಸಿರಲಿಲ್ಲ. ತಪ್ಪು ನನ್ನದೆಂದು ನಾನು ಎಷ್ಟು ಸಲ ಹೇಳಿದರೂ ಅದು ಆಕೆಗೆ ಸಮಾಧಾನದ ಮಾತಿನಂತೆ ಕೇಳಿಸಿತ್ತೇ ಹೊರತು ನಿಜದಂತೆ ಕೇಳಿಸಿರಲಿಲ್ಲ. ಹಿರಿಯರು ಅವಳನ್ನು ಹತ್ತಿರ ಕರೆದು, ಕಪಾಟಿನಲ್ಲಿಟ್ಟಿದ್ದ ಮುರಿದ ಸರಳನ್ನು ಅವಳ ಕೈಗೆ ಕೊಟ್ಟರು. ಕಪ್ಪಗಿದ್ದ ಭಾಗವನ್ನೂ ಹೊಳೆಯುತ್ತಿದ್ದ ಭಾಗವನ್ನೂ ಬೆರಳಿಟ್ಟು ತೋರಿಸಿದರು. "ಇಷ್ಟು ನೀನು ಸ್ಟಿಯರಿಂಗ್ ಹಿಡಿಯುವ ಮೊದಲೇ ಮುರಿದಿತ್ತು" ಎಂದರು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ, "ದೀಪ ನಾನು ಹಿಡಿಯಲೇ?" ಎಂದಳು.

ಹಳೆಯ ರಂಧ್ರಗಳನ್ನು ನಾವು ಮುಚ್ಚಲಿಲ್ಲ. ಬೇಕೆಂದವರು ಎಂದಾದರೂ ತೋಳುಗಳನ್ನು ಮೊದಲಿನ ಜಾಗಕ್ಕೆ ಏರಿಸಬಹುದು.

ಮೇ ತಿಂಗಳಲ್ಲಿ ಚಕ್ರಗಳ ಓರೆಕೋರೆಯನ್ನು ಯಂತ್ರದ ಮೇಲೆ ಸರಿಪಡಿಸಿಕೊಂಡು ಬಂದೆವು. ಎರಡು ವಾರ ನಾನೊಬ್ಬನೇ ಓಡಿಸಿದೆ. ಪ್ರತಿ ಸಂಜೆ ಕೆಳಗೆ ತೆವಳಿ ಪ್ರತಿಯೊಂದು ಬೋಲ್ಟನ್ನೂ ಸ್ಪ್ಯಾನರಿನಿಂದ ಮುಟ್ಟಿ ನೋಡಿದೆ. ರೈಲುಹಳಿಯ ಹತ್ತಿರದ ದೊಡ್ಡ ಗುಂಡಿಗೆ ಬೇಕೆಂದೇ ಇಳಿಸಿದೆ. ಕಾರು ಒಮ್ಮೆ ಕುಗ್ಗಿತು, ಎದ್ದಿತು, ಸುಮ್ಮನಾಯಿತು. ಜೂನ್ ಮೊದಲ ಭಾನುವಾರ ಮಗಳು ತಾನಾಗಿಯೇ ಬೀಗದ ಕೈ ಕೇಳಿದಳು. ಹಿಂದಿನ ಇಕ್ಕಟ್ಟಾದ ಆಸನದಲ್ಲಿ ಹಿರಿಯರು ಮಂಡಿ ಮಡಿಚಿಕೊಂಡು ಕುಳಿತರು. ಅವಳು ಬೇರೆ ದಾರಿ ಹಿಡಿಯುವಳೆಂದು ಎಣಿಸಿದ್ದೆ; ಅದೇ ಕೂಡುರಸ್ತೆಯ ಕಡೆಗೆ ತಿರುಗಿಸಿದಳು. ಕೆಂಪು ದೀಪ ಬಿತ್ತು. ಬ್ರೇಕು ತುಳಿದಳು. ಕಾರು ಮೂಗನ್ನು ತುಸುವೇ ತಗ್ಗಿಸಿ, ಗೆರೆಯ ಹಿಂದೆ ನೆಟ್ಟಗೆ ನಿಂತಿತು. ಪಕ್ಕದ ಹುಲ್ಲಿನ ಮೇಲೆ ಕಳೆದ ವರ್ಷದ ಗುರುತೇನೂ ಉಳಿದಿರಲಿಲ್ಲ. ಅಂಚೆಪೆಟ್ಟಿಗೆ ಅಲ್ಲಿಯೇ ಇತ್ತು. ಅವಳು ಎರಡೂ ಕೈಗಳಲ್ಲಿ ಸ್ಟಿಯರಿಂಗನ್ನು ಹಿಡಿದು ಮುಂದೆಯೇ ನೋಡುತ್ತ ಕುಳಿತಿದ್ದಳು. ನಾನು ಉಸಿರು ಬಿಡಲಿಲ್ಲ.

"ದೀಪ ಹಸಿರಾಯಿತಮ್ಮಾ" ಎಂದರು ಹಿಂದಿನಿಂದ ಹಿರಿಯರು.

ಅವಳು ನಕ್ಕು ಗೇರು ಹಾಕಿದಳು.